ಕಾಲೇಜಿನ ವಾರವನ್ನು ಮನೆಯ ಹೊಸ್ತಿಲಿನಿಂದ ಎಣಿಸಿ

"ಕ್ಲಾಸ್ ಬರೇ ಮೂವತ್ತ ತಾಸ ಅದಾವ್ರೀ ಮೇಡಂ. ಆದ್ರೂ ಓದಾಕ ಟೈಮ್ ಸಿಗವಲ್ದು."

ತಿಕೋಟಾ ಆಚೆಯ ಹಳ್ಳಿಯಿಂದ ವಿಜಯಪುರಕ್ಕೆ ಬಂದು ಹೋಗಿ ಬಿ.ಎಸ್ಸಿ ಓದುವ ಹುಡುಗಿ ನನ್ನ ಟೇಬಲ್ ಮುಂದೆ ನಿಂತು ಹೇಳಿದ ಮಾತಿದು. ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಬಿದ್ದಿತ್ತು, ಕಣ್ಣು ತುಂಬಿತ್ತು. ಆಕೆ ಸೋಮಾರಿಯಲ್ಲ. ನಾನು ಒಂದು ಹಾಳೆ ಕೊಟ್ಟು, ಮನೆ ಬಿಡುವ ಹೊತ್ತು, ಮರಳಿ ಮನೆ ಸೇರುವ ಹೊತ್ತು ಎರಡನ್ನೇ ಬರೆಯಲು ಹೇಳಿದೆ. ಬೆಳಿಗ್ಗೆ 7.15ಕ್ಕೆ ಮನೆ ಬಿಟ್ಟರೆ ಪ್ರಾಕ್ಟಿಕಲ್ ಇಲ್ಲದ ದಿನ ಮಧ್ಯಾಹ್ನ 3.15ಕ್ಕೆ ವಾಪಸ್. ಅಂಥ ದಿನ ನಾಲ್ಕು. ಪ್ರಾಕ್ಟಿಕಲ್ ಇರುವ ಎರಡು ದಿನ ಮನೆ ಸೇರುವಾಗ ಸಂಜೆ 6.30. ಕೂಡಿಸಿದರೆ ವಾರಕ್ಕೆ 54 ತಾಸು 30 ನಿಮಿಷ. ಮೂವತ್ತು ತಾಸಿನ ತರಗತಿಗಾಗಿ ಆಕೆ ಐವತ್ತನಾಲ್ಕೂವರೆ ತಾಸು ಮನೆಯ ಹೊರಗಿದ್ದಳು.

ಹದಿನೈದು ವರ್ಷದಿಂದ ಪದವಿ ತರಗತಿಗೆ ಪಾಠ ಮಾಡುತ್ತಿದ್ದೇನೆ. ಅದರಲ್ಲಿ ಹೆಚ್ಚಿನ ವರ್ಷ ವಿಭಾಗದ ಟೈಮ್‌ಟೇಬಲ್ ಹಾಕುವ ಕೆಲಸ ನನ್ನ ಪಾಲಿಗೇ ಬಂದಿದೆ. ಕಾಲೇಜಿನ ಟೈಮ್‌ಟೇಬಲ್ ತಯಾರಾಗುವುದು ಕೋಣೆ, ಲ್ಯಾಬ್, ಅತಿಥಿ ಉಪನ್ಯಾಸಕರು ಬರುವ ದಿನ ಇವುಗಳನ್ನು ನೋಡಿಕೊಂಡು. ನಿಮ್ಮ ಊರಿನ ಬಸ್ಸು, ಮನೆಯ ಎಮ್ಮೆ, ಅಂಗಡಿಯ ಕೆಲಸ ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ನೋಟಿಸ್ ಬೋರ್ಡಿನ ಟೈಮ್‌ಟೇಬಲ್ಲಿನ ಫೋಟೊ ತೆಗೆದುಕೊಂಡಷ್ಟಕ್ಕೆ ವಾರದ ಯೋಜನೆ ಮುಗಿಯಿತು ಅಂದುಕೊಳ್ಳಬೇಡಿ. ಅದರ ಮೇಲೆ ನಿಮ್ಮದೇ ಇನ್ನೊಂದು ಹಾಕಿಕೊಳ್ಳಬೇಕು. ಹೇಗೆ ಎನ್ನುವುದನ್ನು ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಯ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ಹಾಳೆಯಲ್ಲಿ ಕಾಲೇಜು ಬೇಡ

ಉದ್ದನೆಯ ಹಾಳೆಯೊಂದನ್ನು ಅಡ್ಡ ಇಟ್ಟು ಏಳು ಕಂಬ ಎಳೆಯಿರಿ. ಬೆಳಗಿನ 5ರಿಂದ ರಾತ್ರಿ 11ರ ತನಕ ತಾಸಿಗೊಂದು ಮನೆ. ಇದರಲ್ಲಿ ಮೊದಲು ತರಗತಿಗಳನ್ನು ಬರೆಯಬೇಡಿ. ನಿಮ್ಮ ಕೈಮೀರಿದ ಸಂಗತಿಗಳನ್ನು ಬರೆಯಿರಿ.

ಬಸ್ಸು ಮೊದಲು. ಊರಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಹೊರಡುವ ವಸ್ತಿ ಬಸ್ ಇದ್ದರೆ ಅದು ಎಷ್ಟಕ್ಕೆ ಬಿಡುತ್ತದೆ, ಅದು ತಪ್ಪಿದರೆ ಮುಂದಿನದು ಎಷ್ಟಕ್ಕೆ, ಸಂಜೆ ಕಡೆಯ ಬಸ್ ಯಾವುದು, ಈ ಮೂರೂ ಬೇಕು. ಬೋರ್ಡಿನ ಮೇಲಿನ ಹೊತ್ತು ಬರೆಯದೆ, ಒಂದು ವಾರ ಗಡಿಯಾರ ನೋಡಿ ನಿಜವಾಗಿ ಬಂದ ಹೊತ್ತನ್ನು ಬರೆಯಿರಿ. ಬೆಳಗಿನ ಬಸ್ಸು ತುಂಬಿದ್ದರೆ ಕೈ ಮಾಡಿದರೂ ನಿಲ್ಲದೆ ಹೋಗುವ ದಿನಗಳುಂಟು. ಅಂಥ ದಿನಕ್ಕೆ ಟಂಟಂ (ಶೇರ್ ಆಟೋ) ಸಿಗುತ್ತದೆಯೇ, ಅದರ ದುಡ್ಡು ತಿಂಗಳಿಗೆ ಎಷ್ಟಾಗುತ್ತದೆ ಎಂಬುದನ್ನೂ ಹಾಳೆಯ ಕೆಳಗೆ ಬರೆದಿಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಸಿನ ಖರ್ಚು ಉಳಿದಿದೆ, ಗುರುತಿನ ಚೀಟಿ ಚೀಲದಲ್ಲಿದ್ದರೆ ಸಾಕು. ಹುಡುಗರು ಸೇವಾ ಸಿಂಧುವಿನಲ್ಲಿ ಪಾಸಿಗೆ ಅರ್ಜಿ ಹಾಕಬೇಕು. ಅದನ್ನು ಪ್ರವೇಶ ಮುಗಿದ ವಾರವೇ ಹಾಕಿ. ತಿಂಗಳು ಬಿಟ್ಟು ಹೋದರೆ ಪಾಸಿನ ಸಾಲಿನಲ್ಲಿ ನಿಲ್ಲಲು ಒಂದು ದಿನದ ತರಗತಿ ಹೋಗುತ್ತದೆ.

ಆಮೇಲೆ ಮನೆಯ ಕೆಲಸ. ಹಾಲು ಕರೆದು ಡೇರಿಗೆ ಹಾಕುವುದು, ನೀರು ಬರುವ ದಿನ ಕೊಡ ತುಂಬುವುದು, ಇಳಕಲ್ಲು ಗುಳೇದಗುಡ್ಡದ ಕಡೆಯವರಾದರೆ ಮಗ್ಗದ ಮೇಲೆ ಕೂರುವ ಹೊತ್ತು, ಬೆಳಗಾವಿಯ ಉದ್ಯಮಬಾಗದಲ್ಲಿ ಪಾಳಿ ಕೆಲಸ ಮಾಡಿಕೊಂಡು ಓದುವವರಾದರೆ ಆ ಪಾಳಿ. ಇವನ್ನು ಬರೆಯಲು ನಾಚಿಕೆ ಪಡುವ ಮಕ್ಕಳನ್ನು ನೋಡಿದ್ದೇನೆ. ನಾಚಿಕೆ ಯಾಕೆ? ಬರೆಯದೆ ಬಿಟ್ಟರೆ ಆ ತಾಸುಗಳು ಖಾಲಿ ಇವೆ ಎಂದು ಹಾಳೆ ಸುಳ್ಳು ಹೇಳುತ್ತದೆ.

ಕೊನೆಗೆ ನಿದ್ದೆ. ರಾತ್ರಿಗೆ ಏಳು ತಾಸು, ಇದರಲ್ಲಿ ಚೌಕಾಸಿ ಬೇಡ.

ಆ ಹುಡುಗಿಯ ಲೆಕ್ಕ ಹೀಗೆ ಬಂತು. ವಾರಕ್ಕೆ ಒಟ್ಟು 168 ತಾಸು. ಕಾಲೇಜು, ಓಡಾಟ ಸೇರಿ 54.5. ನಿದ್ದೆ 49. ಸ್ನಾನ, ಊಟ, ಬಟ್ಟೆ ಒಗೆಯುವುದು ಇತ್ಯಾದಿಗೆ ದಿನಕ್ಕೆ ನಾಲ್ಕರಂತೆ 28. ಹಾಲು, ಅಡುಗೆಯಲ್ಲಿ ಅವ್ವನಿಗೆ ಕೈಗೂಡಿಸುವುದಕ್ಕೆ ದಿನಕ್ಕೆರಡರಂತೆ 14. ಉಳಿದದ್ದು 22.5 ತಾಸು, ಅದರಲ್ಲೂ ದೊಡ್ಡ ಪಾಲು ಭಾನುವಾರದ್ದು. "ಇಷ್ಟರಾ?" ಎಂದು ಆಕೆ ಬೆರಗಾದಳು. ಆದರೆ ಅಲ್ಲಿಂದ ಮುಂದೆ ಆಕೆಗೆ ತನ್ನ ಮೇಲೆ ತನಗಿದ್ದ ಸಿಟ್ಟು ಕಡಿಮೆಯಾಯಿತು. ಇರುವ 22 ತಾಸನ್ನು ಎಲ್ಲಿ ಹಾಕಬೇಕು ಎಂಬ ಮಾತು ಶುರುವಾಯಿತು.

ಕ್ರೆಡಿಟ್ಟನ್ನು ತಾಸಿಗೆ ಇಳಿಸಿ

ಸಿಲೆಬಸ್ಸಿನಲ್ಲಿ ಬರೆದ ಕ್ರೆಡಿಟ್ ಎಂದರೆ ಹೊರೆಯ ತೂಕ. ಸಾಮಾನ್ಯ ಲೆಕ್ಕದಲ್ಲಿ ಥಿಯರಿಯಾದರೆ ವಾರಕ್ಕೆ ಒಂದು ತಾಸಿನ ಪಾಠಕ್ಕೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ಎರಡು ತಾಸಿಗೆ ಒಂದು. ಅಂದರೆ 2 ಕ್ರೆಡಿಟ್ಟಿನ ಪ್ರಾಕ್ಟಿಕಲ್ ಅಂಕಪಟ್ಟಿಯಲ್ಲಿ ಸಣ್ಣದಾಗಿ ಕಂಡರೂ ವಾರದಲ್ಲಿ 4 ತಾಸು ತಿನ್ನುತ್ತದೆ, ಮೇಲೆ ಜರ್ನಲ್ (ಪ್ರಯೋಗದ ದಾಖಲೆ ಪುಸ್ತಕ) ಬರೆಯುವ ಕೆಲಸ ಬೇರೆ. ವಿಜ್ಞಾನದ ಮಕ್ಕಳ ವಾರ ಕಲಾ ವಿಭಾಗದವರಿಗಿಂತ ಬಿಗಿಯಾಗುವುದು ಇಲ್ಲಿಯೇ.

ಮನೆಯ ಓದಿಗೆ ನಾನು ಹೇಳುವ ಅಳತೆ ದೊಡ್ಡದಲ್ಲ. ಒಂದು ತಾಸಿನ ಥಿಯರಿಗೆ ಅರ್ಧ ತಾಸು, ಒಂದು ಪ್ರಾಕ್ಟಿಕಲ್ಲಿಗೆ ಒಂದು ತಾಸು. ಲೆಕ್ಕ, ಅಕೌಂಟೆನ್ಸಿಯಂಥ ಕೈಯಿಂದ ಮಾಡಿ ಕಲಿಯುವ ವಿಷಯವಿದ್ದರೆ ತಾಸಿಗೆ ತಾಸು. ಈ ಹುಡುಗಿಗೆ ಅದು ಹದಿನಾಲ್ಕು ಹದಿನೈದು ತಾಸಿನ ಹತ್ತಿರ ಬಂತು, 22ರೊಳಗೆ ಹಿಡಿಯಿತು. ನಿಮ್ಮದು ಹಿಡಿಯದೇ ಹೋದರೆ ನಿದ್ದೆ ಕತ್ತರಿಸಬೇಡಿ, ಹೊರಗಿನಿಂದ ಹೊತ್ತುಕೊಂಡ ಯಾವುದನ್ನಾದರೂ ಇಳಿಸಿ.

ಆಯ್ಕೆ ಎಲ್ಲಿದೆ, ಎಲ್ಲಿಲ್ಲ

ನಮ್ಮ ಕಡೆಯ ಪದವಿ ಕಾಲೇಜುಗಳಲ್ಲಿ ತರಗತಿಯ ಹೊತ್ತನ್ನು ವಿದ್ಯಾರ್ಥಿ ಆರಿಸುವಂತಿಲ್ಲ. ಹಾಗಂತ ಕೈಕಟ್ಟಿ ಕೂರುವ ಹಾಗೂ ಇಲ್ಲ. ಆಯ್ಕೆಯ ಬಾಗಿಲುಗಳು ಐದಾರು ಇವೆ, ಅವು ತೆರೆದಿರುವುದು ಸೆಮಿಸ್ಟರಿನ ಮೊದಲ ಕೆಲವು ದಿನ ಮಾತ್ರ.

ಮೊದಲನೆಯದು ವಿಷಯಗಳ ಜೋಡಣೆ. ಪ್ರವೇಶದ ಹೊತ್ತಿಗೆ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ವಿಷಯ ಆರಿಸುವಾಗ ಬಹಳ ಮಕ್ಕಳು ಗೆಳತಿ ಏನು ತೆಗೆದುಕೊಂಡಳು ಎಂದು ನೋಡಿ ಅದನ್ನೇ ಒತ್ತುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಬಬಲೇಶ್ವರ ಕಡೆಯಿಂದ ಓಡಾಡುತ್ತಿದ್ದ ನಾನು ಗೆಳತಿಯ ಜೊತೆ ಬಿಡಬಾರದೆಂದು ಎರಡು ಪ್ರಾಕ್ಟಿಕಲ್ ಇದ್ದಲ್ಲಿ ಮೂರು ಪ್ರಾಕ್ಟಿಕಲ್ ಇರುವ ಜೋಡಣೆ ತೆಗೆದುಕೊಂಡೆ. ಅವಳ ಮನೆ ಗೋಳಗುಮ್ಮಟದ ಹತ್ತಿರ, ಕಾಲೇಜಿಗೆ ನಡೆದು ಬರುತ್ತಿದ್ದಳು. ನನಗೆ ವಾರದಲ್ಲಿ ಮೂರು ಸಂಜೆ ಕಡೆಯ ಬಸ್ಸೇ ಗತಿಯಾಯಿತು. ಮೊದಲ ವರ್ಷ ಒಂದು ವಿಷಯ ಫೇಲಾಗಿ ಉಳಿಯಿತು. ಆ ವಿಷಯ ನನಗೆ ಇಷ್ಟವಿತ್ತು ಎಂಬುದೇ ಇವತ್ತಿಗೂ ನೋವು. ಹೀಗಾಗಿ ಕೇಳುತ್ತೇನೆ, ದೂರದಿಂದ ಬರುವವರು ಜೋಡಣೆ ಒತ್ತುವ ಮೊದಲು ವಾರಕ್ಕೆ ಎಷ್ಟು ಮಧ್ಯಾಹ್ನ ಪ್ರಾಕ್ಟಿಕಲ್ ಬೀಳುತ್ತದೆ ಎಂದು ವಿಭಾಗಕ್ಕೆ ಹೋಗಿ ವಿಚಾರಿಸಿ. ಹೋದ ವರ್ಷದ ಟೈಮ್‌ಟೇಬಲ್ ತೋರಿಸಿರಿ ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಸೀನಿಯರುಗಳ ಮಾತು ಕೇಳುವಾಗ ಒಂದು ಎಚ್ಚರ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಣ್ಣ ಅಕ್ಕ ಓದಿದ್ದು ಬೇರೆ ಪದ್ಧತಿಯಲ್ಲಿದ್ದರೆ ಅವರ ವಿಷಯಗಳು, ಕ್ರೆಡಿಟ್ಟು ನಿಮಗೆ ಹೊಂದದೇ ಇರಬಹುದು. ಅವರ ಪುಸ್ತಕ ತೆಗೆದುಕೊಳ್ಳಿ, ಯೋಜನೆ ಬೇಡ.

ಎರಡನೆಯದು ಐಚ್ಛಿಕ ವಿಷಯ. ಹಲವು ಕಾಲೇಜುಗಳಲ್ಲಿ ಇದು ದಿನದ ಮೊದಲ ಪೀರಿಯಡ್ಡಿಗೋ ಕಡೆಯದಕ್ಕೋ ಬೀಳುತ್ತದೆ, ಯಾಕೆಂದರೆ ಬೇರೆ ಬೇರೆ ವಿಭಾಗದ ಮಕ್ಕಳು ಒಂದೆಡೆ ಸೇರಬೇಕು. ಎರಡು ವಿಷಯ ನಿಮಗೆ ಸಮ ಇಷ್ಟವಿದ್ದರೆ ಬಸ್ಸಿಗೆ ಹೊಂದುವುದನ್ನು ತೆಗೆದುಕೊಳ್ಳಿ. ಸುಲಭ ಅಂಕ ಬರುತ್ತದೆ ಎಂದು ದಿನಕ್ಕೊಂದು ತಾಸು ಹೆಚ್ಚು ಕಾಯುವ ವಿಷಯ ಹಿಡಿಯಬೇಡಿ. ಪೋರ್ಟಲ್‌ನಲ್ಲಿ ಒತ್ತುವ ಕೆಲಸ ಕಡೆಯ ದಿನಕ್ಕೆ ಇಡಬೇಡಿ. ಅಷ್ಟು ಹೊತ್ತಿಗೆ ಸೀಟೂ ತುಂಬಿರುತ್ತದೆ, ಸರ್ವರೂ ಬಸವಳಿದಿರುತ್ತದೆ.

ಮೂರನೆಯದು ಪ್ರಾಕ್ಟಿಕಲ್ ಬ್ಯಾಚ್. ಬ್ಯಾಚನ್ನು ಸಾಮಾನ್ಯವಾಗಿ ರೋಲ್ ನಂಬರಿನ ಮೇಲೆ ಮಾಡುತ್ತೇವೆ, ನಮಗದು ಸುಲಭ. ನಿಮ್ಮ ಬ್ಯಾಚು ಶನಿವಾರ ಸಂಜೆ ಬಿದ್ದು ಅವತ್ತು ಊರಿಗೆ ಬಸ್ ಕಡಿಮೆ ಇದ್ದರೆ, ನಗರದಲ್ಲೇ ಇರುವ ಒಬ್ಬರನ್ನು ಅದಲು ಬದಲಿಗೆ ಒಪ್ಪಿಸಿ. ಇಬ್ಬರೂ ಸಹಿ ಮಾಡಿದ ಒಂದು ಅರ್ಜಿ ವಿಭಾಗದ ಮುಖ್ಯಸ್ಥರಿಗೆ ಕೊಡಿ. ನಾಲ್ಕು ಸಾಲು ಸಾಕು: ಹೆಸರು, ಈಗಿನ ಬ್ಯಾಚ್, ಬೇಕಾದ ಬ್ಯಾಚ್, ಊರು ಮತ್ತು ಕಡೆಯ ಬಸ್ಸಿನ ಹೊತ್ತು. ಮೊದಲ ವಾರ ಬಂದ ಇಂಥ ಅರ್ಜಿಯನ್ನು ನಾನು ತಿರುಗಿಸಿ ಕಳಿಸಿದ ನೆನಪಿಲ್ಲ. ಜರ್ನಲ್ ನಂಬರ್ ಹಾಕಿ ಮುಗಿದ ಮೇಲೆ ಬಂದರೆ ನನ್ನ ಕೈಯಲ್ಲೂ ಏನೂ ಉಳಿದಿರುವುದಿಲ್ಲ.

ಉಳಿದವು ನೀವಾಗಿಯೇ ಮೇಲೆ ಹಾಕಿಕೊಳ್ಳುವಂಥವು. ಎನ್ನೆಸ್ಸೆಸ್ ಎಂದರೆ ವರ್ಷಕ್ಕೆ 120 ತಾಸಿನ ಸೇವೆ, ಜೊತೆಗೆ ಏಳು ದಿನದ ಶಿಬಿರ. ಎನ್‌ಸಿಸಿಯಲ್ಲಿ ಪರೇಡ್ ಹಾಜರಿ ಬೇರೆಯೇ. ಕಂಪ್ಯೂಟರ್ ಕ್ಲಾಸು, ಕೆಎಎಸ್ ಪಿಎಸ್‌ಐ ಕೋಚಿಂಗು, ಟ್ಯೂಷನ್. ಒಂದೊಂದೂ ಒಳ್ಳೆಯದೇ. ಆದರೆ ಒಂದು ಸೆಮಿಸ್ಟರಿಗೆ ಒಂದು. ಮೊದಲ ಸೆಮಿಸ್ಟರಿನಲ್ಲಂತೂ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಒಂದೂ ಬೇಡ ಎನ್ನುತ್ತೇನೆ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ, ನಾನು ಕಂಡದ್ದನ್ನು ನಾನು ಹೇಳುತ್ತಿದ್ದೇನೆ.

ಪ್ರಾಕ್ಟಿಕಲ್ ದಿನ

ಆ ದಿನ ಮನೆ ಸೇರಿದ ಮೇಲೆ ಹೊಸದಾಗಿ ಏನೂ ಓದಲು ಆಗುವುದಿಲ್ಲ, ಹಾಳೆಯಲ್ಲಿ ಬರೆಯಲೂ ಬೇಡಿ. ಮಾಡಬೇಕಾದ್ದು ಒಂದೇ, ಅವತ್ತಿನ ಪ್ರಯೋಗವನ್ನು ಅವತ್ತೇ ಜರ್ನಲ್ಲಿಗೆ ಏರಿಸುವುದು. ರೀಡಿಂಗು ಕಣ್ಣ ಮುಂದಿರುತ್ತದೆ, ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ನಾಲ್ಕು ವಾರ ಬಿಟ್ಟು ಬರೆದರೆ ಅದೇ ಪುಟಕ್ಕೆ ಎರಡು ತಾಸು ಬೇಕು, ಜೊತೆಗೆ ಯಾರದೋ ಜರ್ನಲ್ ಬೇಡಿ ತರುವ ದೈನ್ಯ.

ಮಧ್ಯಾಹ್ನದ ಬುತ್ತಿ ಆ ದಿನ ಗಟ್ಟಿಯಾಗಿರಲಿ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಇದ್ದರೆ ಲ್ಯಾಬಿನಲ್ಲಿ ನಾಲ್ಕಕ್ಕೆ ಕಣ್ಣು ಕತ್ತಲೆ ಬರುವುದಿಲ್ಲ. ಚಹಾ ಬಿಸ್ಕತ್ತಿನ ಮೇಲೆ ನಿಂತು ಟೈಟ್ರೇಶನ್ ಮಾಡುತ್ತಾ ತಲೆ ತಿರುಗಿ ಕೂತ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ನಡುವಿನ ಖಾಲಿ ತಾಸು

ಟೈಮ್‌ಟೇಬಲ್ಲಿನಲ್ಲಿ ಎರಡು ಪೀರಿಯಡ್ ನಡುವೆ ಒಂದು ತಾಸು ಖಾಲಿ ಬಿದ್ದರೆ ಮಕ್ಕಳು ಅದನ್ನು ಬಿಡುವು ಎನ್ನುತ್ತಾರೆ. ದೂರದಿಂದ ಬರುವವರಿಗೆ ವಾರದ ಎಲ್ಲಕ್ಕಿಂತ ಒಳ್ಳೆಯ ಓದಿನ ತಾಸು ಅದೇ. ಮೈ ದಣಿದಿಲ್ಲ, ಪುಸ್ತಕ ಕೈಯಲ್ಲಿದೆ, ಗ್ರಂಥಾಲಯದಲ್ಲಿ ಫ್ಯಾನಿದೆ, ತಿಳಿಯದ್ದನ್ನು ಕೇಳಲು ಮೇಷ್ಟ್ರು ಎರಡು ಕೋಣೆ ಆಚೆ ಇದ್ದಾರೆ. ವಾರದಲ್ಲಿ ಅಂಥ ಮೂರು ತಾಸಿದ್ದರೆ ಮೂರಕ್ಕೂ ಈಗಲೇ ವಿಷಯದ ಹೆಸರು ಬರೆದುಬಿಡಿ: ಮಂಗಳವಾರ ಗಣಿತದ ಲೆಕ್ಕ, ಗುರುವಾರ ಭಾಷೆಯ ಟಿಪ್ಪಣಿ. ಬರೀ "ಓದು" ಎಂದು ಬರೆದರೆ ಆ ತಾಸು ಕ್ಯಾಂಟೀನಿನಲ್ಲಿ ಕಳೆಯುತ್ತದೆ.

ಬಸ್ಸಿನ ಹೊತ್ತನ್ನು ಓದಿನ ಲೆಕ್ಕಕ್ಕೆ ಹಿಡಿಯಬೇಡಿ. ಸೀಟು ಸಿಕ್ಕರೆ ಕಣ್ಣು ಮುಚ್ಚಿ ನಿನ್ನೆ ಓದಿದ್ದನ್ನು ನೆನಪು ಮಾಡಿಕೊಳ್ಳಬಹುದು, ನಿದ್ದೆ ಬಂದರೆ ಮಲಗಿ.

ಹಾಜರಿಯನ್ನು ದುಡ್ಡಿನ ಹಾಗೆ ಖರ್ಚು ಮಾಡಿ

ಪದವಿಗೆ ಸಾಮಾನ್ಯವಾಗಿ ಶೇ. 75 ಹಾಜರಿ ಬೇಕು. ವಾರಕ್ಕೆ 4 ತಾಸಿನ ಥಿಯರಿ, 15 ವಾರ ನಡೆದರೆ 60 ತರಗತಿ. 45 ಕೂತರೆ ಸಾಕು, 15 ತಪ್ಪಿಸಬಹುದು ಎಂದು ಮಕ್ಕಳು ಖುಷಿಪಡುತ್ತಾರೆ. ಪ್ರಾಕ್ಟಿಕಲ್ ಲೆಕ್ಕ ಹಾಗಲ್ಲ. ಅದು ವಾರಕ್ಕೊಂದು ಸಲ, 15 ವಾರಕ್ಕೆ 15 ಸಲ. 12 ಸಲ ಇರಲೇಬೇಕು, ತಪ್ಪಿಸಲು ಇರುವುದು ಮೂರೇ ಮೂರು. ಪ್ರಾಕ್ಟಿಕಲ್ ಇರುವ ದಿನ ಮದುವೆಗೆ ಹೋಗುವುದು ಥಿಯರಿ ದಿನ ಹೋದದ್ದಕ್ಕಿಂತ ಎಷ್ಟು ದುಬಾರಿ ಎಂದು ನೀವೇ ನೋಡಿ.

ಬೆಳಗಾವಿಯಲ್ಲೇ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಮಕ್ಕಳಿಗೆ ಇದು ಇನ್ನೂ ಬಿಗಿ. ಅಲ್ಲಿ ಶೇ. 85 ಬೇಕು. ತಕ್ಕ ಕಾರಣ, ಪುರಾವೆ ಇದ್ದರೆ ಮಾತ್ರ ಶೇ. 10ರ ತನಕ ಮನ್ನಾ ಸಿಗಬಹುದು. 40 ತರಗತಿ ನಡೆದ ವಿಷಯದಲ್ಲಿ 34 ಇರಬೇಕು, ಆರು ಮಾತ್ರ ಕೈಯಲ್ಲಿ.

ಈ ಆರು, ಹದಿನೈದು, ಮೂರು ಇವನ್ನು ಸೆಮಿಸ್ಟರ್ ಶುರುವಾಗುವಾಗಲೇ ಭಾಗ ಮಾಡಿಡಿ. ಅರ್ಧವನ್ನು ಜ್ವರ, ಬಸ್ ತಪ್ಪುವುದು, ಮಳೆ ಇವಕ್ಕೆ ಬಿಡಿ, ಮುಟ್ಟಬೇಡಿ. ಉಳಿದ ಅರ್ಧ ಹಬ್ಬಕ್ಕೆ, ಮನೆಯ ಕಾರ್ಯಕ್ಕೆ. ಆಟೋಟಕ್ಕೋ ಎನ್ನೆಸ್ಸೆಸ್ ಶಿಬಿರಕ್ಕೋ ಕಾಲೇಜೇ ಕಳಿಸಿದ್ದರೆ ಮರಳಿದ ದಿನವೇ ಪತ್ರ ಕೊಟ್ಟು ಹಾಜರಿ ಹಾಕಿಸಿಕೊಳ್ಳಿ. ಸೆಮಿಸ್ಟರ್ ಕೊನೆಯಲ್ಲಿ ಹಾಜರಿ ಪಟ್ಟಿ ಅಂಟಿಸಿದ ಮೇಲೆ ಆ ಪತ್ರ ಹುಡುಕುತ್ತಾ ಓಡಾಡುವುದು ಬೇಡ.

ನಮ್ಮ ಊರುಗಳ ಪಂಚಾಂಗ

ವಿಶ್ವವಿದ್ಯಾಲಯದ ಕ್ಯಾಲೆಂಡರಿನ ಪಕ್ಕ ಮನೆಯ ಗೋಡೆಯ ಪಂಚಾಂಗವನ್ನೂ ಇಟ್ಟುಕೊಂಡು ಕೂತುಕೊಳ್ಳಿ. ನಾಗರ ಪಂಚಮಿಗೆ ಉಂಡಿ ತಿನ್ನದೆ, ಜೋಕಾಲಿ ಆಡದೆ ನಮ್ಮ ಹುಡುಗಿಯರು ಮರಳುವುದಿಲ್ಲ, ಮರಳಲೂಬಾರದು. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಪುಷ್ಯ ಮಾಸದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ. ರಂಜಾನ್ ತಿಂಗಳಲ್ಲಿ ರೋಜಾ ಇರುವ ಮಕ್ಕಳು ಮಧ್ಯಾಹ್ನದ ಓದನ್ನು ಸಹರಿಯ ನಂತರದ ಹೊತ್ತಿಗೆ ಸರಿಸಿಕೊಂಡರೆ ತಲೆ ಚುರುಕಾಗಿರುತ್ತದೆ. ತಿಕೋಟಾ ಸುತ್ತಿನ ದ್ರಾಕ್ಷಿ ತೋಟದ ಮನೆಗಳಲ್ಲಿ ಏಪ್ರಿಲ್, ಅಕ್ಟೋಬರ್ ಚಾಟ್ನಿಯ (ಬಳ್ಳಿ ಕತ್ತರಿಸುವ) ವಾರ ಎಲ್ಲರ ಕೈಯೂ ಬೇಕು. ಇವೆಲ್ಲ ಗೊತ್ತಿರುವ ದಿನಗಳೇ. ಗುರುತು ಹಾಕಿ, ಆ ವಾರದಲ್ಲಿ ಬರುವ ಅಸೈನ್‌ಮೆಂಟನ್ನು ಹಿಂದಿನ ವಾರಕ್ಕೆ ಎಳೆದುಕೊಳ್ಳಿ.

ಬೆಳಗಾವಿಯವರಿಗೆ ಎರಡು ಹೆಚ್ಚಿನ ಗುರುತು. ಖಾನಾಪುರ ಕಡೆಯಿಂದ ಬರುವವರು ಜೂನ್‌ನಿಂದ ಮಳೆ ಹಿಡಿದಾಗ ಓಡಾಟಕ್ಕೆ ಅರ್ಧ ತಾಸು ಕೂಡಿಸಬೇಕು. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವ ದಿನಗಳಲ್ಲಿ, ಸಾಮಾನ್ಯವಾಗಿ ಡಿಸೆಂಬರ್, ಆ ಹೆದ್ದಾರಿ ಹಿಡಿದು ಬರುವವರೂ ಹಾಗೆಯೇ.

ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಎರಡೂ 40 ಡಿಗ್ರಿ ದಾಟುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಎರಡು ಜಿಲ್ಲೆಯ ಸರ್ಕಾರಿ ಕಚೇರಿಗಳ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಕಾಲೇಜು ಮುಗಿಸಿ ಹೋದರೆ ಬಾಗಿಲು ಹಾಕಿರುತ್ತದೆ. ಆ ಕೆಲಸ ಫೆಬ್ರುವರಿಯಲ್ಲೇ ಮುಗಿಸಿ. ಬಿಸಿಲಿನ ತಿಂಗಳಲ್ಲಿ ಮಧ್ಯಾಹ್ನ 2ರಿಂದ 5ರ ನಡುವೆ ಕಠಿಣ ವಿಷಯ ಇಡಬೇಡಿ. ಬೆಳಗಿನ 5ಕ್ಕೆ ಎದ್ದು ಮಾಳಿಗೆಯ ಮೇಲೆ ಒಂದೂವರೆ ತಾಸು ಓದಿದರೆ ಆ ಮೂರು ತಾಸಿಗೆ ಸಮ.

ಎರಡು ವಾರ ನಡೆಸಿ, ತಿದ್ದಿ, ಮನೆಯಲ್ಲಿ ಅಂಟಿಸಿ

ಮೊದಲ ಹಾಳೆ ತಪ್ಪಾಗಿಯೇ ಇರುತ್ತದೆ. ಎರಡು ವಾರ ಪೆನ್ಸಿಲ್ಲಿನಲ್ಲಿ ನಡೆಸಿ. ರಾತ್ರಿ ಮಲಗುವಾಗ ಆಗದೇ ಹೋದ ತಾಸಿಗೆ ಒಂದು ಸುತ್ತು ಹಾಕಿ, ಬೈದುಕೊಳ್ಳಬೇಡಿ. ಎರಡು ವಾರದಲ್ಲಿ ಒಂದೇ ಮನೆಗೆ ಮೂರು ಸುತ್ತು ಬಿದ್ದಿದ್ದರೆ ಆ ತಾಸು ನಿಮ್ಮದಲ್ಲ, ಬೇರೆಡೆ ಸರಿಸಿ. ಹಿಂದಿನ ಸೆಮಿಸ್ಟರಿನ ವಿಷಯ ಉಳಿಸಿಕೊಂಡವರು ಅದಕ್ಕೆ ವಾರದಲ್ಲಿ ಎರಡು ತಾಸು ಈಗಿನಿಂದಲೇ ಇಡಿ. ಪರೀಕ್ಷೆ ಬಂದಾಗ ನೋಡೋಣ ಎಂದರೆ ಎರಡು ಸೆಮಿಸ್ಟರಿನ ಪೇಪರು ಒಂದೇ ತಿಂಗಳಲ್ಲಿ ಮೈಮೇಲೆ ಬರುತ್ತವೆ.

ತಿದ್ದಿದ ಹಾಳೆಯನ್ನು ನಿಮ್ಮ ಪುಸ್ತಕದೊಳಗೆ ಇಡದೆ ಅಡುಗೆಮನೆಯ ಗೋಡೆಗೆ ಅಂಟಿಸಿ. ಇದರ ಜೊತೆ ಮನೆಯವರ ಹತ್ತಿರ ಒಂದು ಮಾತು ಆಗಲೇಬೇಕು, ವಿಶೇಷವಾಗಿ ಹುಡುಗಿಯರಿಗೆ. "ನನಗ ಓದಾಕ ಬಿಡ್ರಿ" ಎಂದರೆ ಅದು ಜಗಳವಾಗುತ್ತದೆ. "ಅವ್ವಾ, ಸೋಮವಾರ, ಬುಧವಾರ, ಶುಕ್ರವಾರ ಏಳರಿಂದ ಎಂಟೂವರಿ ತನಕ ನನ್ನ ಕರೀಬ್ಯಾಡ. ಉಳದ ದಿನ ರೊಟ್ಟಿ ನಾನ ಬಡೀತೀನಿ" ಎಂದರೆ ಅದು ಮಾತುಕತೆ. ತಿಕೋಟಾ ಕಡೆಯ ಆ ಹುಡುಗಿ ಹೀಗೆಯೇ ಹೇಳಿದಳು. ಅವಳ ಅವ್ವನಿಗೆ ಓದು ಬರುವುದಿಲ್ಲ, ಅದಕ್ಕೆ ಆ ಮೂರು ಸಂಜೆಗಳಿಗೆ ಕುಂಕುಮದ ಬೊಟ್ಟು ಇಟ್ಟಿದ್ದಳಂತೆ. ಬೊಟ್ಟಿದ್ದ ದಿನ ಅವ್ವ ತಾನೇ ಟಿವಿಯ ಸದ್ದು ಇಳಿಸುತ್ತಿದ್ದಳು.